ಬೈಕ್ ಕಲಿಯುವವರಿಗೆ ಚಿಕ್ಕ ಕ್ರೂಸರ್: ಸಿಸಿಗಿಂತ ಮೊದಲು ನೋಡಬೇಕಾದ್ದು ಏನು?

ಕ್ರೂಸರ್ ಅಂದರೆ ದೊಡ್ಡ ಇಂಜಿನ್, ಭಾರೀ ಗಾಡಿ, ವರ್ಷಗಟ್ಟಲೆ ಓಡಿಸಿದವರಿಗೆ ಮಾತ್ರ ಅನ್ನೋ ಮಾತಿತ್ತು. ಚಿಕ್ಕ ಕ್ರೂಸರ್ ಇರಲೇ ಇಲ್ಲ ಅಂತಲ್ಲ. ಹೋಂಡಾ ರೆಬೆಲ್ 250 ಬಂದದ್ದು 1985ರಲ್ಲಿ. ಅಮೆರಿಕದ ಎಷ್ಟೋ ತರಬೇತಿ ಮೈದಾನಗಳಲ್ಲಿ ಜನ ಮೊದಲು ಕ್ಲಚ್ ಹಿಡಿದದ್ದು ಅದರ ಮೇಲೆಯೇ. ಆದರೆ ಆಯ್ಕೆ ಹೆಚ್ಚಿದ್ದು ಇತ್ತೀಚೆಗೆ. 2017ರಲ್ಲಿ ರೆಬೆಲ್ 300 ಮತ್ತು 500 ಬಂದವು. 2020ರಲ್ಲಿ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350, 2023ರಲ್ಲಿ ಹೊಸ ರೂಪದ ಕವಾಸಾಕಿ ಎಲಿಮಿನೇಟರ್ ಬಂದವು. ಈಗ ಮೊದಲ ಬೈಕೇ ಕ್ರೂಸರ್ ಆಗಲಿ ಅನ್ನುವವರಿಗೆ ನಿಜವಾಗಿಯೂ ಆರಿಸಿಕೊಳ್ಳಲು ಗಾಡಿಗಳಿವೆ.

ಆರಿಸುವುದು ಹೇಗೆ ಅನ್ನುವುದೇ ಪ್ರಶ್ನೆ. ಮಾಹಿತಿ ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಿಸಿ. ಕಲಿಯುವವರಿಗೆ ಅದು ಹೇಳುವುದು ಬಹಳ ಕಡಿಮೆ. ಗಾಡಿ ನಿಂತಿರುವಾಗ ಮತ್ತು ನಡಿಗೆಯ ವೇಗದಲ್ಲಿ ಹೋಗುವಾಗ ನಿಮ್ಮ ಕೈಗೆ ಎಷ್ಟು ಸಿಗುತ್ತದೆ ಅನ್ನುವುದು ಅದಕ್ಕಿಂತ ಎಷ್ಟೋ ಮುಖ್ಯ.

ಕ್ರೂಸರ್ ಅಂದರೆ ಏನು?

ಕ್ರೂಸರ್ ಅನ್ನುವುದು ಇಂಜಿನ್‌ನ ಹೆಸರಲ್ಲ, ಕೂರುವ ರೀತಿಯ ಹೆಸರು. ಸೀಟು ತಗ್ಗಿನಲ್ಲಿ, ಹ್ಯಾಂಡಲ್ ಅಗಲವಾಗಿ ಮೇಲಕ್ಕೆ, ಕಾಲಿಡುವ ಜಾಗ ಸೀಟಿಗಿಂತ ಮುಂದಕ್ಕೆ. ಸವಾರ ನೆಟ್ಟಗೆ ಕೂರುತ್ತಾನೆ, ಇಲ್ಲವೇ ಸ್ವಲ್ಪ ಹಿಂದಕ್ಕೆ ವಾಲುತ್ತಾನೆ. ಮುಂದಿನ ಚಕ್ರವನ್ನು ಹಿಡಿದಿರುವ ಕವಲು, ಅಂದರೆ ಫೋರ್ಕ್, ಮುಂದಕ್ಕೆ ಚಾಚಿಕೊಂಡಿರುತ್ತದೆ, ಎರಡು ಚಕ್ರಗಳ ನಡುವಿನ ಅಂತರ ಜಾಸ್ತಿ.

ಇಂಜಿನ್ ಬೇರೆ ಗಾಡಿಯದ್ದೇ ಇರಬಹುದು. ರೆಬೆಲ್ 300ರಲ್ಲಿ ಇರುವ 286 ಸಿಸಿ ಇಂಜಿನ್, ಅದೇ ಕಂಪನಿಯ ಸ್ಪೋರ್ಟ್ಸ್ ಬೈಕ್ ಸಿಬಿಆರ್ 300ಆರ್‌ನ ಇಂಜಿನ್ನಿನ ಬಂಧು. ಕವಾಸಾಕಿ ವಲ್ಕನ್ ಎಸ್‌ನ 649 ಸಿಸಿ ಇಂಜಿನ್ ನಿಂಜಾ 650ರಿಂದ ಬಂದದ್ದು. ಅಂದರೆ ಆಕಾರ ನೋಡಿ "ಇದು ನಿಧಾನದ ಗಾಡಿ, ಪಾಪದ್ದು" ಅಂತ ತೀರ್ಮಾನಿಸುವ ಹಾಗಿಲ್ಲ.

ಸಿಸಿ ಏಕೆ ದಾರಿ ತಪ್ಪಿಸುತ್ತದೆ?

ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಸಿಲಿಂಡರಿನಲ್ಲಿ ಎಷ್ಟು ಜಾಗ ಬಳಸುತ್ತದೆ ಅನ್ನುವ ಅಳತೆ ಸಿಸಿ. ಅಷ್ಟೇ. ಆ ಜಾಗದಿಂದ ಎಷ್ಟು ಶಕ್ತಿ ಹೊರಡುತ್ತದೆ ಅನ್ನುವುದು ಇಂಜಿನ್ ಕಟ್ಟಿದ ರೀತಿಯ ಮೇಲೆ ನಿಂತಿದೆ.

ಸುಜುಕಿಯ ಬುಲೆವಾರ್ಡ್ ಎಸ್40 ನೋಡಿ. 652 ಸಿಸಿ, ಒಂದೇ ಸಿಲಿಂಡರ್. ಶಕ್ತಿ ಸುಮಾರು 30 ಹಾರ್ಸ್‌ಪವರ್. ರೆಬೆಲ್ 500 ಇರುವುದು 471 ಸಿಸಿ, ಎರಡು ಸಿಲಿಂಡರ್, ಶಕ್ತಿ ಸುಮಾರು 46. ಸಿಸಿ ನೋಡಿ ಕೊಂಡರೆ ಲೆಕ್ಕ ತಲೆಕೆಳಗಾಗುತ್ತದೆ. ತೂಕದಲ್ಲೂ ಹಾಗೆಯೇ. 650ರ ಎಸ್40 ಸುಮಾರು 173 ಕೆಜಿ. 350ರ ಮೀಟಿಯರ್ 191 ಕೆಜಿ.

ಇದೇ ಕಾರಣಕ್ಕೆ ಕಲಿಯುವವರ ಲೈಸೆನ್ಸ್‌ಗೆ ಮಿತಿ ಹಾಕುವ ದೇಶಗಳು ಬರೀ ಸಿಸಿ ನೋಡುವುದಿಲ್ಲ. ಯುರೋಪಿನ ಎ2 ದರ್ಜೆಯಲ್ಲಿ ಗರಿಷ್ಠ 35 ಕಿಲೋವಾಟ್, ಅಂದರೆ ಸುಮಾರು 47 ಹಾರ್ಸ್‌ಪವರ್ ಮಿತಿ. ಜೊತೆಗೆ ಗಾಡಿಯ ಒಂದೊಂದು ಕೆಜಿ ತೂಕಕ್ಕೆ 0.2 ಕಿಲೋವಾಟ್ ಮೀರಬಾರದು. ಆಸ್ಟ್ರೇಲಿಯಾದಲ್ಲಿ 660 ಸಿಸಿವರೆಗೆ ಬಿಡುತ್ತಾರೆ, ಆದರೆ ಗಾಡಿ ಮತ್ತು ಸವಾರನ ತೂಕ ಸೇರಿಸಿ ಟನ್ನಿಗೆ 150 ಕಿಲೋವಾಟ್ ದಾಟಬಾರದು. ಹೊಸಬರನ್ನು ತೊಂದರೆಗೆ ಸಿಕ್ಕಿಸುವುದು ಶಕ್ತಿ ಮತ್ತು ತೂಕದ ಜೋಡಿ ಅನ್ನುವ ತಿಳಿವಳಿಕೆ ಈ ನಿಯಮಗಳ ಹಿಂದಿದೆ. ನಿಮ್ಮಲ್ಲಿ ಅಂಥ ನಿಯಮ ಇದ್ದರೆ ಮಾದರಿ ಹುಡುಕುವ ಮೊದಲೇ ಅದನ್ನು ಓದಿಕೊಳ್ಳಿ. ಎಷ್ಟೋ ಗಾಡಿಗಳು ಅಲ್ಲೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಸೀಟು ತಗ್ಗು ಅಂದಮಾತ್ರಕ್ಕೆ ಗಾಡಿ ಹಗುರವಲ್ಲ

ಹೊಸಬರಿಗೆ ಕ್ರೂಸರ್ ಒಳ್ಳೆಯದು ಅನ್ನುವವರು ಮೊದಲು ಹೇಳುವ ಕಾರಣ ಸೀಟಿನ ಎತ್ತರ. ಅದು ನಿಜವಾದ ಅನುಕೂಲವೇ. ರೆಬೆಲ್ 300 ಮತ್ತು 500ರ ಸೀಟು 690 ಮಿಮೀ ಎತ್ತರದಲ್ಲಿದೆ. ವಲ್ಕನ್ ಎಸ್ 705, ಎಲಿಮಿನೇಟರ್ 735, ಮೀಟಿಯರ್ 765 ಮಿಮೀ. ಸಾಮಾನ್ಯ ಬೈಕುಗಳ ಸೀಟು ಹೆಚ್ಚಾಗಿ 780ರಿಂದ 820ರ ಆಸುಪಾಸು. ಕುಳ್ಳಗಿರುವವರಿಗೆ ಈ ವ್ಯತ್ಯಾಸ ದೊಡ್ಡದು. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಿದರೆ ಸಿಗ್ನಲ್‌ನಲ್ಲಿ ನಿಲ್ಲುವ ಭಯ ಅರ್ಧ ಹೋಗುತ್ತದೆ.

ಇಲ್ಲೇ ಒಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಕಾಲು ನೆಲಕ್ಕೆ ಸಿಕ್ಕಿತು, ಇನ್ನು ಗಾಡಿ ನನ್ನ ಹತೋಟಿಯಲ್ಲಿದೆ ಅನ್ನಿಸುತ್ತದೆ. ತುಂಬಿದ ಕೊಡ ತಲೆಯ ಮೇಲಿದ್ದರೂ ಸೊಂಟದ ಮೇಲಿದ್ದರೂ ಭಾರ ಅಷ್ಟೇ ಅಲ್ವಾ? ಸೊಂಟದಲ್ಲಿದ್ದಾಗ ತೂಗಾಟ ಕಡಿಮೆ, ಅಷ್ಟೇ. ಜಾರಿದರೆ ಕೈಗೆ ಬರುವ ಭಾರ ಅದೇ. ತಗ್ಗಿನ ಗಾಡಿಯೂ ಹಾಗೆಯೇ.

ಈ ಭಾರ ಹೇಗೆ ಕೆಲಸ ಮಾಡುತ್ತದೆ ನೋಡಿ. ಗಾಡಿ ನೆಟ್ಟಗೆ ನಿಂತಿರುವಾಗ ತೂಕವೆಲ್ಲ ಟೈರುಗಳ ಮೇಲಿರುತ್ತದೆ, ನಿಮ್ಮ ಮೇಲೆ ಏನೂ ಇಲ್ಲ. 190 ಕೆಜಿ ಗಾಡಿ 5 ಡಿಗ್ರಿ ವಾಲಿತು ಅಂದುಕೊಳ್ಳಿ. ಪಕ್ಕಕ್ಕೆ ತಳ್ಳುವ ಭಾರ ಸುಮಾರು 17 ಕೆಜಿಯಷ್ಟು. ತೊಡೆಯಲ್ಲೇ ತಡೆಯಬಹುದು. ಅದೇ ಗಾಡಿ 20 ಡಿಗ್ರಿ ವಾಲಿದರೆ ಸುಮಾರು 65 ಕೆಜಿ. ಹೆಚ್ಚುಕಡಿಮೆ ನಾಲ್ಕು ಪಟ್ಟು! ಹ್ಯಾಂಡಲ್ ಎತ್ತರದಲ್ಲಿರುವುದರಿಂದ ಕೈಗೆ ಇಷ್ಟೂ ಬರುವುದಿಲ್ಲ, ಆದರೆ ಏರುವ ಲೆಕ್ಕ ಇದೇ. ನಿಂತ ಗಾಡಿ ಬೀಳುವಾಗ "ಒಂದು ಹಂತದವರೆಗೆ ಹಿಡಿದಿದ್ದೆ, ಆಮೇಲೆ ಆಗಲೇ ಇಲ್ಲ" ಅಂತ ಜನ ಹೇಳುವುದು ಇದಕ್ಕೇ. ಅಂಥ ಹೊತ್ತಲ್ಲಿ ಹಿಡಿದೇ ತೀರುತ್ತೇನೆ ಅಂತ ಹಠ ಮಾಡಿದರೆ ಬೆನ್ನು, ಮಂಡಿ ಹೋಗುತ್ತವೆ. ಬಿಟ್ಟು ಪಕ್ಕಕ್ಕೆ ಸರಿಯುವುದೇ ಸರಿ.

ಅದಕ್ಕೇ ತೂಕದ ಅಂಕಿ ನೋಡಿ. ಯಮಹಾ ವಿ ಸ್ಟಾರ್ 250 ಸುಮಾರು 147 ಕೆಜಿ. ರೆಬೆಲ್ 300 ಸುಮಾರು 165, ಎಲಿಮಿನೇಟರ್ 176, ರೆಬೆಲ್ 500 ಮತ್ತು ಮೀಟಿಯರ್ 190ರ ಹತ್ತಿರ. ವಲ್ಕನ್ ಎಸ್ ಸುಮಾರು 228, ಸೂಪರ್ ಮೀಟಿಯರ್ 650 ಬರೋಬ್ಬರಿ 241. ಇವೆಲ್ಲವನ್ನೂ ಕ್ರೂಸರ್ ಅಂತಲೇ ಕರೆಯುತ್ತಾರೆ. ಮೊದಲನೆಯದಕ್ಕೂ ಕೊನೆಯದಕ್ಕೂ ಸುಮಾರು ನೂರು ಕೆಜಿ ವ್ಯತ್ಯಾಸ ಇದೆ. ಮೊದಲ ಬೈಕಿಗೆ 190 ಕೆಜಿಯೊಳಗೆ ಇದ್ದರೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ದಷ್ಟಪುಷ್ಟ ಮೈಕಟ್ಟಿನವರು ಇನ್ನೂ ಸ್ವಲ್ಪ ಮುಂದೆ ಹೋಗಬಹುದು. ಆದರೆ 240 ಕೆಜಿಯ ಗಾಡಿಯಲ್ಲಿ ಕಲಿಯುವವರು ಗಾಡಿಯನ್ನು ಸಂಭಾಳಿಸುವುದರಲ್ಲೇ ಸುಸ್ತಾಗುತ್ತಾರೆ. ರಸ್ತೆ ನೋಡಲು ಗಮನ ಉಳಿಯುವುದಿಲ್ಲ.

ಅಂಕಿ ನೋಡುವಾಗ ಒಂದು ವಿಷಯ ಗಮನಿಸಿ. ಕೆಲವು ಕಡೆ ಪೆಟ್ರೋಲ್, ಆಯಿಲ್ ಇಲ್ಲದ ಒಣ ತೂಕ ಕೊಡುತ್ತಾರೆ. ಹೋಲಿಸಬೇಕಾದ್ದು ಎಲ್ಲವನ್ನೂ ತುಂಬಿದ ತೂಕವನ್ನು, ಅಂದರೆ ಕರ್ಬ್ ತೂಕವನ್ನು.

ನಿಧಾನಕ್ಕೆ ತಿರುಗಿಸುವುದೇ ಕಷ್ಟ

ಗಂಟೆಗೆ 60 ಕಿಮೀ ವೇಗದಲ್ಲಿ ಕ್ರೂಸರ್ ತುಂಬ ಸಾಧು. ನೇರವಾಗಿ, ಅಲುಗಾಡದೆ ಹೋಗುತ್ತದೆ. ಅದಕ್ಕೆ ಕಾರಣ ಮುಂದಿನ ಫೋರ್ಕಿನ ಓರೆ. ನೆಟ್ಟಗೆ ನಿಂತ ಗೆರೆಯಿಂದ ಅಳೆದರೆ ಸ್ಪೋರ್ಟ್ಸ್ ಬೈಕಿನಲ್ಲಿ ಈ ಓರೆ 24 ಡಿಗ್ರಿ ಆಸುಪಾಸು ಇದ್ದರೆ ರೆಬೆಲ್‌ನಲ್ಲಿ 28, ವಲ್ಕನ್ ಎಸ್‌ನಲ್ಲಿ 31, ಎಸ್40ರಲ್ಲಿ 35 ಡಿಗ್ರಿ. ಓರೆ ಜಾಸ್ತಿಯಾದಷ್ಟೂ ಚಕ್ರ ತಾನಾಗಿಯೇ ನೇರಕ್ಕೆ ಬರಲು ನೋಡುತ್ತದೆ.

ಹತ್ತು ಕಿಮೀ ವೇಗದಲ್ಲಿ ಇದೇ ಗುಣ ತಿರುಗಿ ಬೀಳುತ್ತದೆ. ಹ್ಯಾಂಡಲ್ ಸ್ವಲ್ಪ ತಿರುಗಿಸಿದರೆ ಚಕ್ರ ಇನ್ನಷ್ಟು ಒಳಕ್ಕೆ "ಬೀಳುತ್ತದೆ". ಮುಂಭಾಗ ಎಳೆದಂತೆ ಅನ್ನಿಸುತ್ತದೆ. ಮೇಲಾಗಿ ಚಕ್ರಗಳ ನಡುವಿನ ಅಂತರ ಜಾಸ್ತಿ. ರೆಬೆಲ್‌ನಲ್ಲಿ 1490 ಮಿಮೀ, ವಲ್ಕನ್ ಎಸ್‌ನಲ್ಲಿ 1575. ಮೀಟಿಯರ್‌ನಲ್ಲಿ ಬರೀ 1400. ಅಂತರ ಜಾಸ್ತಿಯಾದರೆ ಯು ಟರ್ನ್‌ಗೆ ಜಾಗ ಜಾಸ್ತಿ ಬೇಕು. ತೂಕದಲ್ಲಿ ಮೀಟಿಯರ್ ಹಗುರದ ಗಾಡಿಯಲ್ಲ, ಆದರೆ ಇಕ್ಕಟ್ಟಿನಲ್ಲಿ ಅಷ್ಟಾಗಿ ಕಾಡುವುದಿಲ್ಲ ಅಂದರೆ ಈ ಅಂತರದ್ದೂ ಪಾಲಿದೆ.

ಇದಕ್ಕೆ ಹ್ಯಾಂಡಲ್‌ನ ಅಗಲವೂ ಸೇರಿಕೊಳ್ಳುತ್ತದೆ. ನಿಂತ ಗಾಡಿಯ ಮೇಲೆ ಕೂತು ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿ ನೋಡಿ. ಬಲಗೈ ಮುಂದಕ್ಕೆ ಚಾಚುತ್ತದೆ. ಮೊಣಕೈ ಪೂರ್ತಿ ನೆಟ್ಟಗಾಗಿ, ಭುಜ ಸೀಟಿನಿಂದ ಮುಂದಕ್ಕೆ ಎಳೆದುಕೊಂಡರೆ ಆ ಗಾಡಿ ನಿಮ್ಮ ಅಳತೆಗೆ ದೊಡ್ಡದು. ಈಗ ಬಲಕ್ಕೆ ಪೂರ್ತಿ ತಿರುಗಿಸಿ. ಬಲಗೈ ಹೊಟ್ಟೆಯ ಹತ್ತಿರ ಬರುತ್ತದೆ, ಮಣಿಕಟ್ಟು ಮಡಚಿಕೊಳ್ಳುತ್ತದೆ. ಆ ಮಡಿಕೆಯಲ್ಲಿ ಗೊತ್ತಿಲ್ಲದೆ ಆಕ್ಸಿಲರೇಟರ್ ತಿರುಗುವ ಸಂಭವ ಇದೆ. ಹೊಸಬರ ಯು ಟರ್ನ್‌ನಲ್ಲಿ ಗಾಡಿ ಇದ್ದಕ್ಕಿದ್ದಂತೆ ಜಿಗಿಯುವುದಕ್ಕೆ ಇದೂ ಒಂದು ಕಾರಣ. ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಮೂರನ್ನೂ ಸಲೀಸಾಗಿ ಆಡಿಸಲು ಬಂದರೆ ಸೈ.

ಇಂಜಿನ್: ಶಕ್ತಿಗಿಂತ ಟಾರ್ಕ್ ಹೇಗೆ ಬರುತ್ತದೆ ನೋಡಿ

ಎರಡು ಪದ ಪದೇ ಪದೇ ಕೇಳಿಬರುತ್ತವೆ. ಟಾರ್ಕ್ ಅಂದರೆ ತಿರುಗಿಸುವ ಬಲ, ಚಕ್ರವನ್ನು ಎಷ್ಟು ಗಟ್ಟಿಯಾಗಿ ತಿರುವುತ್ತದೆ ಅನ್ನುವುದು. ಪವರ್ ಅಂದರೆ ಆ ಬಲ ಎಷ್ಟು ಬೇಗ ಬೇಗ ಕೆಲಸ ಮಾಡುತ್ತದೆ ಅನ್ನುವುದು. ಟಾರ್ಕ್ ಗೊತ್ತಾಗುವುದು ಗಾಡಿ ಹೊರಡುವಾಗ, ದಿಬ್ಬ ಹತ್ತುವಾಗ. ಪವರ್ ಗೊತ್ತಾಗುವುದು ವೇಗ ಏರಿದ ಮೇಲೆ.

ಮೀಟಿಯರ್ 350ರ ಟಾರ್ಕ್ 27 ನ್ಯೂಟನ್ ಮೀಟರ್, ಅದು ಪೂರ್ತಿ ಸಿಗುವುದು ನಿಮಿಷಕ್ಕೆ 4000 ಸುತ್ತಿನಲ್ಲಿ. ಪವರ್ ಬರೀ 20 ಹಾರ್ಸ್‌ಪವರ್, ಅದು 6100 ಸುತ್ತಿನಲ್ಲಿ. ಅಂದರೆ ಇಂಜಿನ್ ಅರಚದೆ ಗಾಡಿ ಹೊರಡುತ್ತದೆ. ಕ್ಲಚ್ ಬಿಡುವುದರಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಇಂಜಿನ್ ಆಫ್ ಆಗುವುದು ಕಡಿಮೆ. ಕಲಿಯುವವರಿಗೆ ಇದು ದೊಡ್ಡ ವರ. ಅದೇ ಹೆದ್ದಾರಿಯಲ್ಲಿ ಗಂಟೆಗಟ್ಟಲೆ 110ರಲ್ಲಿ ಹೋಗಬೇಕು ಅನ್ನುವವರಿಗೆ ಇದು ಸಾಲುವುದಿಲ್ಲ. ರೆಬೆಲ್ 500ರಂಥ ಗಾಡಿ ಅದನ್ನು ಬೆವರದೆ ಮಾಡುತ್ತದೆ. ನಿಮ್ಮ ದಿನದ ದಾರಿ ಎಂಥದ್ದು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಸಿಲಿಂಡರ್ ಎಷ್ಟಿರಬೇಕು ಅಂತ ಜನ ತುಂಬ ವಾದ ಮಾಡುತ್ತಾರೆ. ಒಂದು ಸಿಲಿಂಡರ್ ಇದ್ದರೆ ಸರಳ, ಹಗುರ, ನಡುಕ ಸ್ವಲ್ಪ ಜಾಸ್ತಿ. ಎರಡಿದ್ದರೆ ನಯ, ವೇಗದಲ್ಲಿ ಆರಾಮ. ಎರಡು ಸಿಲಿಂಡರ್ ಇಂಗ್ಲಿಷ್ ಅಕ್ಷರ ವಿ ಆಕಾರದಲ್ಲಿದ್ದರೆ ಅದೇ ವಿ-ಟ್ವಿನ್, ಹಳೆಯ ಕ್ರೂಸರ್‌ಗಳ ಆ ಡಬ್ ಡಬ್ ಸದ್ದಿನದ್ದು. ಯಮಹಾ ವಿ ಸ್ಟಾರ್ 250 ಚಿಕ್ಕದಾದರೂ ವಿ-ಟ್ವಿನ್ನೇ. ಕಲಿಯುವ ದೃಷ್ಟಿಯಿಂದ ಇದರಲ್ಲಿ ಯಾವುದಾದರೂ ನಡೆಯುತ್ತದೆ.

ಕ್ಲಚ್ ಮಾತ್ರ ಹಾಗಲ್ಲ. ಕ್ಲಚ್ ಲಿವರ್ ಬಿಡುತ್ತಾ ಬರುವಾಗ ಒಂದು ಹಂತದಲ್ಲಿ ಇಂಜಿನ್ ಚಕ್ರವನ್ನು ಮೆಲ್ಲಗೆ ಹಿಡಿಯಲು ಶುರುಮಾಡುತ್ತದೆ. ನಾವು ಹಾಫ್ ಕ್ಲಚ್ ಅನ್ನುವುದು ಅದನ್ನೇ. ನಿಧಾನ ವೇಗದ ಸವಾರಿಯೆಲ್ಲ ನಡೆಯುವುದು ಈ ಬೆರಳಗಲದ ಜಾಗದಲ್ಲಿ. ಲಿವರ್ ಗಟ್ಟಿಯಾಗಿದ್ದರೆ ಟ್ರಾಫಿಕ್‌ನಲ್ಲಿ ಅರ್ಧ ಗಂಟೆಗೇ ಕೈ ಸೋತು, ಆ ಜಾಗ ಹಿಡಿತಕ್ಕೆ ಸಿಗುವುದಿಲ್ಲ. ಈಚಿನ ಕೆಲವು ಗಾಡಿಗಳಲ್ಲಿ ಅಸಿಸ್ಟ್ ಕ್ಲಚ್ ಇರುತ್ತದೆ, ಲಿವರ್ ಹಗುರವಾಗಿ ಬರುತ್ತದೆ. ಅದರ ಜೊತೆಗೆ ಬರುವ ಸ್ಲಿಪ್ಪರ್ ಕ್ಲಚ್, ಗೇರ್ ಬೇಗ ಇಳಿಸಿದಾಗ ಹಿಂದಿನ ಚಕ್ರ ಕಚ್ಚಿ ಜಾರುವುದನ್ನು ಕಡಿಮೆ ಮಾಡುತ್ತದೆ. ಹೊಸಬರು ಆ ತಪ್ಪು ಮಾಡೇ ಮಾಡುತ್ತಾರೆ, ಹಾಗಾಗಿ ಇದ್ದರೆ ಒಳ್ಳೆಯದು.

ಕಾಲು ಮುಂದೆ, ಹೊಡೆತ ಬೆನ್ನಿಗೆ

ಸಾಮಾನ್ಯ ಬೈಕಿನಲ್ಲಿ ಪಾದಗಳು ಹೆಚ್ಚುಕಡಿಮೆ ಸೊಂಟದ ಕೆಳಗೇ ಇರುತ್ತವೆ. ಗುಂಡಿ ಕಂಡರೆ ಫುಟ್‌ರೆಸ್ಟ್ ಮೇಲೆ ಒತ್ತಿ ಒಂದು ಚೂರು ಮೇಲೇಳಬಹುದು, ಹೊಡೆತ ಮಂಡಿಗೆ ಹೋಗುತ್ತದೆ. ಕ್ರೂಸರ್‌ನಲ್ಲಿ ಪಾದ ಮುಂದಿರುವುದರಿಂದ ಹಾಗೆ ಏಳಲು ಆಗುವುದಿಲ್ಲ. ಮೈಭಾರವೆಲ್ಲ ಬೆನ್ನುಮೂಳೆಯ ತುದಿಯ ಮೇಲೆ. ಜೊತೆಗೆ ಸೀಟು ತಗ್ಗಿಸಲು ಹಿಂದಿನ ಶಾಕ್ ಅಬ್ಸಾರ್ಬರ್ ಆಡುವ ಜಾಗವನ್ನೂ ಕಡಿಮೆ ಮಾಡಿರುತ್ತಾರೆ. ಸೀಟು ಎಷ್ಟು ಮೆತ್ತಗಿದ್ದರೂ ಕೆಟ್ಟ ರಸ್ತೆಯಲ್ಲಿ ಏಟು ನೇರ ಬೆನ್ನಿಗೆ.

ಹಾಗಾಗಿ ಚಿಕ್ಕ ಕ್ರೂಸರ್‌ಗಳಲ್ಲೇ ಫುಟ್‌ರೆಸ್ಟ್ ತೀರಾ ಮುಂದಿಲ್ಲದ್ದನ್ನು ಹುಡುಕಿ. ರೆಬೆಲ್‌ನಲ್ಲಿ ಅದು ಬಹುತೇಕ ನಡುವಿನಲ್ಲಿದೆ. ವಲ್ಕನ್ ಎಸ್‌ನಲ್ಲಿ ಫುಟ್‌ರೆಸ್ಟ್, ಹ್ಯಾಂಡಲ್, ಸೀಟು ಮೂರನ್ನೂ ಸವಾರನ ಮೈಕಟ್ಟಿಗೆ ತಕ್ಕಂತೆ ಹೊಂದಿಸುವ ಏರ್ಪಾಟನ್ನು ಕಂಪನಿಯೇ ಕೊಡುತ್ತದೆ. ಬೆನ್ನುನೋವು ಮೊದಲೇ ಇರುವವರು ಹತ್ತು ನಿಮಿಷದ ಟೆಸ್ಟ್ ರೈಡ್ ನಂಬಬೇಡಿ. ಈ ನೋವು ಕಾಣಿಸಿಕೊಳ್ಳುವುದು ಒಂದು ಗಂಟೆ ಕಳೆದ ಮೇಲೆ.

ಬ್ರೇಕ್ ಬಗ್ಗೆ ಎರಡು ಮಾತು

ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಿನ ಚಕ್ರಕ್ಕೆ ಸರಿಯುತ್ತದೆ. ಭಾರ ಎಲ್ಲಿದೆಯೋ ಹಿಡಿತ ಅಲ್ಲಿ. ಕ್ರೂಸರ್ ಉದ್ದವಾಗಿ, ತಗ್ಗಾಗಿ ಇರುವುದರಿಂದ ಈ ಸರಿಯುವಿಕೆ ಸ್ವಲ್ಪ ಕಡಿಮೆ. ಹಿಂದಿನ ಬ್ರೇಕ್ ಬೇರೆ ಬೈಕುಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಇದನ್ನೇ ನೆಪ ಮಾಡಿಕೊಂಡು ಸುಮ್ನೆ ಕಾಲಿನ ಬ್ರೇಕ್ ಒಂದನ್ನೇ ಬಳಸುವ ಅಭ್ಯಾಸ ಮಾಡಿಕೊಳ್ಳಬೇಡಿ. ಬೇಗ ನಿಲ್ಲಿಸಬೇಕಾದರೆ ಜಾಸ್ತಿ ಕೆಲಸ ಮುಂದಿನದ್ದೇ. ಆದರೆ ನಿಧಾನಕ್ಕೆ ಹೋಗುವಾಗ ಹ್ಯಾಂಡಲ್ ತಿರುಗಿಸಿಕೊಂಡೇ ಮುಂದಿನ ಬ್ರೇಕ್ ಗಬಕ್ಕನೆ ಹಿಡಿದರೆ ಗಾಡಿ ಆ ಕಡೆಗೆ ಮಗುಚುತ್ತದೆ. ಆಗ ಕಾಲಿನ ಬ್ರೇಕ್ ಮೆಲ್ಲಗೆ ಒತ್ತಬೇಕು.

ಎಬಿಎಸ್ ಇರುವ ಗಾಡಿಯನ್ನೇ ತೆಗೆದುಕೊಳ್ಳಿ. ಗಾಬರಿಯಲ್ಲಿ ಬ್ರೇಕ್ ಬಿಗಿಯಾಗಿ ಹಿಡಿದಾಗ ಚಕ್ರ ತಿರುಗುವುದು ನಿಂತು ಜಾರದಂತೆ ಅದು ಬ್ರೇಕನ್ನು ಕ್ಷಣಕ್ಕೆ ಎಷ್ಟೋ ಸಲ ಬಿಟ್ಟು ಹಿಡಿಯುತ್ತದೆ. ಯುರೋಪ್ ಒಕ್ಕೂಟದಲ್ಲೂ ಭಾರತದಲ್ಲೂ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಇದು ಕಡ್ಡಾಯ. ಹಳೆಯ ಗಾಡಿ ಕೊಳ್ಳುವವರು ಮಾತ್ರ ಕೇಳಿ ತಿಳಿಯಬೇಕು. ವಿ ಸ್ಟಾರ್ 250, ಎಸ್40ರಂಥ ಹಳೆಯ ವಿನ್ಯಾಸಗಳಲ್ಲಿ ಹಿಂದೆ ಡ್ರಮ್ ಬ್ರೇಕ್ ಇದೆ, ಎಬಿಎಸ್ ಇಲ್ಲ. ಉಳಿದ ಎಲ್ಲದರಲ್ಲೂ ಕಲಿಯುವವರಿಗೆ ಹೇಳಿ ಮಾಡಿಸಿದಂಥ ಗಾಡಿಗಳಾದರೂ ಇದೊಂದು ಕೊರತೆ ಸಣ್ಣದಲ್ಲ.

ಚೈನೋ ಬೆಲ್ಟೋ

ಚೈನ್ ಇದ್ದರೆ ಆಗಾಗ ಒರೆಸಿ, ಆಯಿಲ್ ಹಾಕಿ, ಬಿಗಿ ನೋಡುತ್ತಿರಬೇಕು. ಬೆಲ್ಟ್ ಇದ್ದರೆ ಆಯಿಲ್ ಹಾಕುವ ಕೆಲಸ ಇಲ್ಲ, ಸದ್ದೂ ಕಡಿಮೆ, ಆದರೆ ಹಾಳಾದರೆ ಖರ್ಚು ಜಾಸ್ತಿ. ಎಸ್40ರಲ್ಲಿ ಬೆಲ್ಟ್ ಇದೆ, ಈ ಲೇಖನದಲ್ಲಿ ಬಂದ ಉಳಿದವೆಲ್ಲ ಚೈನ್. ಇದನ್ನು ನೋಡಿ ಗಾಡಿ ಆರಿಸುವ ಅಗತ್ಯವಿಲ್ಲ.

ಹೊಸದೋ, ಸೆಕೆಂಡ್ ಹ್ಯಾಂಡೋ?

ಕಲಿಯುವಾಗ ಗಾಡಿ ಒಂದೆರಡು ಸಲ ಬೀಳುವುದು ಸಹಜ. ಹೆಚ್ಚಾಗಿ ಬೀಳುವುದು ನಿಂತಲ್ಲೇ, ಇಲ್ಲವೇ ತಿರುಗಿಸುವಾಗ. ಹೊಸ ಗಾಡಿಯಾದರೆ ಆ ಗೀರು ಮನಸ್ಸಿಗೂ ತಾಗುತ್ತದೆ. ಮುಂದಿನ ಸಲ ಅಭ್ಯಾಸಕ್ಕೆ ಹೊರಡಲು ಹಿಂಜರಿಕೆ ಶುರುವಾಗುತ್ತದೆ. ಆ ದೃಷ್ಟಿಯಿಂದ ಒಳ್ಳೆಯ ಸೆಕೆಂಡ್ ಹ್ಯಾಂಡ್ ಗಾಡಿ ಜಾಣ ಆಯ್ಕೆ. ಹೊಸದನ್ನೇ ಕೊಂಡರೆ ಕ್ರ್ಯಾಶ್ ಗಾರ್ಡ್ ಮೊದಲ ದಿನವೇ ಹಾಕಿಸಿ.

ಹಳೆಯ ಗಾಡಿ ನೋಡಲು ಹೋದಾಗ ಇಂಜಿನ್ ತಣ್ಣಗಿರಲಿ ಅಂತ ಮೊದಲೇ ಹೇಳಿ. ಬಿಸಿ ಇಂಜಿನ್ ಸುಲಭವಾಗಿ ಸ್ಟಾರ್ಟ್ ಆಗುತ್ತದೆ, ರೋಗ ಮುಚ್ಚಿಡುತ್ತದೆ. ಮುಂದಿನ ಚಕ್ರ ನೆಲ ಬಿಟ್ಟು ಎತ್ತಿಸಿ ಹ್ಯಾಂಡಲನ್ನು ಮೆಲ್ಲಗೆ ಆಚೆ ಈಚೆ ತಿರುಗಿಸಿ. ನಡುವೆ ಎಲ್ಲಾದರೂ ಗಂಟು ಸಿಕ್ಕಂತೆ ತಡೆದರೆ ಹ್ಯಾಂಡಲ್ ಬೇರಿಂಗ್ ಸವೆದಿದೆ ಅಂತ ಅರ್ಥ. ಲಿವರ್‌ಗಳ ತುದಿ, ಫುಟ್‌ರೆಸ್ಟ್ ತುದಿ, ಸೈಲೆನ್ಸರ್‌ನ ಹೊರಬದಿ ನೋಡಿ. ಅಲ್ಲಿ ಗೀರಿದ್ದರೆ ಗಾಡಿ ಬಿದ್ದಿದೆ. ಬಿದ್ದದ್ದೇ ದೋಷವಲ್ಲ. ಫೋರ್ಕ್ ಬಾಗಿದೆಯೇ, ಹ್ಯಾಂಡಲ್ ಚಕ್ರದ ನೇರಕ್ಕೆ ನಿಂತಿದೆಯೇ ಅನ್ನುವುದು ಮುಖ್ಯ.

ಕೊಳ್ಳುವ ಮುನ್ನ ಗಾಡಿಯ ಜೊತೆ ಕಾಲು ಗಂಟೆ

ಷೋರೂಮಿನಲ್ಲಿ ಗಾಡಿ ಸೈಡ್ ಸ್ಟ್ಯಾಂಡ್ ಮೇಲಿರುವಾಗ ಕೂತು ಫೋಟೋ ತೆಗೆಸಿಕೊಂಡರೆ ಏನೂ ಗೊತ್ತಾಗುವುದಿಲ್ಲ. ನೀವು ದಿನಾ ಹಾಕುವ ಶೂ ಹಾಕಿಕೊಂಡೇ ಹೋಗಿ. ಸ್ಟ್ಯಾಂಡ್‌ನಿಂದ ಗಾಡಿಯನ್ನು ನೀವೇ ಎಬ್ಬಿಸಿ. ಕೂತು, ಕಾಲಲ್ಲಿ ತಳ್ಳುತ್ತಾ ಹತ್ತು ಹೆಜ್ಜೆ ಹಿಂದಕ್ಕೆ ತನ್ನಿ. ಸ್ವಲ್ಪ ಏರು ಇರುವ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ಆಮೇಲೆ ಇಳಿದು, ಪಕ್ಕದಲ್ಲಿ ನಡೆಯುತ್ತಾ ತಳ್ಳಿ, ಒಂದು ಸುತ್ತು ತಿರುಗಿಸಿ. ಪಾರ್ಕಿಂಗ್‌ನಲ್ಲಿ ದಿನವೂ ಮಾಡಬೇಕಾದ ಕೆಲಸ ಇದು. ಇಷ್ಟರಲ್ಲೇ ಉಸಿರು ಹತ್ತಿದರೆ ಒಂದು ಹಂತ ಹಗುರದ ಗಾಡಿ ನೋಡಿ. ಮನಸ್ಸಿಗೆ ಹಿಡಿಸಿದ ದೊಡ್ಡ ಗಾಡಿಗೆ ಒಂದು ವರ್ಷ ಕಾಯಬೇಕಾಗಬಹುದು, ಆದರೆ ಆ ವರ್ಷದಲ್ಲಿ ನೀವು ನಿಜವಾಗಿಯೂ ಸವಾರಿ ಕಲಿತಿರುತ್ತೀರಿ.

ಟೆಸ್ಟ್ ರೈಡ್ ಕೊಟ್ಟರೆ ವೇಗ ನೋಡಲು ಹೋಗಬೇಡಿ. ಮೊದಲ ಗೇರಿನಲ್ಲಿ, ಆಕ್ಸಿಲರೇಟರ್ ಮುಟ್ಟದೆ, ಬರೀ ಹಾಫ್ ಕ್ಲಚ್‌ನಲ್ಲಿ ಎಷ್ಟು ನಿಧಾನಕ್ಕೆ ಹೋಗಲು ಬರುತ್ತದೆ ನೋಡಿ. ನಿಂತು, ಹೊರಟು, ಮತ್ತೆ ನಿಂತು ನೋಡಿ. ಎಡಕ್ಕೊಂದು, ಬಲಕ್ಕೊಂದು ಯು ಟರ್ನ್ ಮಾಡಿ. ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡಿ. ಹಿಂದೆ ಕೂತವರ ಭಾರ ಬಿದ್ದರೆ ಮುಂದಿನ ಚಕ್ರ ಹಗುರಾಗಿ ಗಾಡಿಯ ನಡತೆಯೇ ಬದಲಾಗುತ್ತದೆ, ಮೊದಲ ಕೆಲವು ತಿಂಗಳು ಅದು ಬೇಡ.

ಗಾಡಿ ಮನೆಗೆ ಬಂದ ಮೇಲೆ ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳನ್ನು ಬಂದ ಹಾಗೇ ಬಿಡಬೇಡಿ. ಕಂಪನಿ ಅದನ್ನು ಯಾರೋ ಸರಾಸರಿ ಕೈಗೆ ಇಟ್ಟಿರುತ್ತದೆ. ಮುಂಗೈ ಮತ್ತು ಬೆರಳುಗಳು ಒಂದೇ ನೇರದಲ್ಲಿ ಬರುವಂತೆ ಲಿವರ್ ಕೋನ ತಿರುಗಿಸಿಸಿ. ಹಾಫ್ ಕ್ಲಚ್ ನಿಮ್ಮ ಬೆರಳಿಗೆ ಸರಿಯಾಗಿ ಸಿಗುವ ಹಂತದಲ್ಲಿ ಕೇಬಲ್ ಹೊಂದಿಸಿಸಿ. ಮೆಕ್ಯಾನಿಕ್‌ಗೆ ಹತ್ತು ನಿಮಿಷದ ಕೆಲಸ, ಸ್ಪ್ಯಾನರ್ ಹಿಡಿದು ಗೊತ್ತಿದ್ದರೆ ನೀವೇ ಮಾಡಿಕೊಳ್ಳಬಹುದು.